ಹಾಸನದಿಂದ ಟಿಟಿ ಮಾಡ್ಕೊಂಡು ಮೂಡಿಗೆರೆ ಒಳದಾರೀಲಿ ಒಂದು ದಿನ: ಈ ಪ್ಲಾನ್ ಆಗುತ್ತಾ?

ಸಾಲಗಾಮೆ ರಸ್ತೆ:

ಎಲ್ಲರಿಗೂ ನಮಸ್ಕಾರ. ನವೆಂಬರ್ ಕೊನೆ ಭಾನುವಾರ ನಮ್ಮ ಬೀದಿಯವರೆಲ್ಲ ಸೇರಿ ಒಂದು ಟಿಟಿ (ಟೆಂಪೋ ಟ್ರಾವೆಲರ್) ಮಾಡ್ಕೊಂಡು ಮೂಡಿಗೆರೆ ಕಡೆ ಹೋಗೋಣ ಅಂತಿದೀವಿ. ಒಟ್ಟು 13 ಜನ. ಅದರಲ್ಲಿ ನಮ್ಮತ್ತೆಗೆ 71 ವರ್ಷ, ಎದುರುಮನೆ ಮೇಷ್ಟ್ರು ಮತ್ತು ಅವರ ಮನೆಯವರು ಇಬ್ಬರೂ ರಿಟೈರ್ಡ್, ಮೂರು ಮಕ್ಕಳು, ಮಿಕ್ಕವರು ನಮ್ಮ ವಯಸ್ಸಿನವರು. ಮನೆಗೆ ಯಾರೇ ನೆಂಟರು ಬಂದ್ರೂ ಬೇಲೂರು, ಹಳೇಬೀಡಿಗೆ ಕರ್ಕೊಂಡು ಹೋಗಿ ಹೋಗಿ ಸಾಕಾಗಿದೆ. ಈ ಸಲ ದೊಡ್ಡ ರೋಡು ಬಿಟ್ಟು ಕಾಫಿ ತೋಟದ ನಡುವೆ, ಬೆಟ್ಟ ನೋಡ್ಕೊಂಡು ಹೋಗಬೇಕು ಅನ್ನೋದು ಎಲ್ಲರ ಆಸೆ.

ಯಜಮಾನರು ಮ್ಯಾಪ್ ನೋಡಿ ಹಾಕಿರೋ ಪ್ಲಾನ್ ಹೀಗಿದೆ. ಬೆಳಗ್ಗೆ 6ಕ್ಕೆ ಹಾಸನ ಬಿಟ್ಟು ಬೇಲೂರು, ಮೂಡಿಗೆರೆ ದಾಟಿ ಕೊಟ್ಟಿಗೆಹಾರದಲ್ಲಿ ತಿಂಡಿ. ಆಮೇಲೆ ದೇವರಮನೆ. ಅಲ್ಲಿಂದ ಒಳದಾರೀಲೇ ಭೈರಾಪುರಕ್ಕೆ ಹೋಗಿ ಎತ್ತಿನಭುಜ ಬೆಟ್ಟ, ಮತ್ತೆ ಈ ಕಡೆ ಬಂದು ಬಲ್ಲಾಳರಾಯನದುರ್ಗ, ಸಂಜೆ ಹಾನುಬಾಳು ಮೇಲೆ ಸಕಲೇಶಪುರಕ್ಕೆ ಇಳಿದು ಮಂಜರಾಬಾದ್ ಕೋಟೆ, ರಾತ್ರಿ 8ಕ್ಕೆ ಮನೆ. ಮ್ಯಾಪಲ್ಲಿ ಎಲ್ಲಾ ಹತ್ತಿರ ಹತ್ತಿರ ಕಾಣುತ್ತೆ. ಒಳದಾರೀಲಿ ಟಿಟಿ ಹೋಗುತ್ತಾ? ವಯಸ್ಸಾದವರಿಗೆ ಕಷ್ಟ ಆಗುತ್ತಾ? ನಮ್ಮ ದೊಡ್ಡ ಹುಡುಗಿಗೆ ತಿರುವು ಜಾಸ್ತಿ ಇದ್ರೆ ವಾಂತಿ ಆಗುತ್ತೆ, ಅದೂ ಒಂದು ಯೋಚನೆ. ಆ ಕಡೆಯವರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ಕಾಫಿ ಹೂ:

ಒಳ್ಳೇ ಯೋಚನೆ ಮೇಡಂ. ಭಾನುವಾರ ಮುಳ್ಳಯ್ಯನಗಿರಿ ಕಡೆ ತಿರುಗದೇ ಇರೋದೇ ಒಳ್ಳೇದಾಯ್ತು. 1,930 ಮೀಟರ್ ಎತ್ತರದ ಬೆಟ್ಟ, ನಮ್ಮ ರಾಜ್ಯದಲ್ಲೇ ಎತ್ತರದ್ದು ಅಂತ ಎಲ್ಲರೂ ಒಂದೇ ದಿನ ಬರ್ತಾರೆ. ಆನ್‌ಲೈನ್‌ನಲ್ಲಿ ಮೊದಲೇ ಬುಕ್ ಮಾಡ್ಕೊಂಡು, ಕೈಮರ ಚೆಕ್‌ಪೋಸ್ಟಲ್ಲಿ ತೋರಿಸಿ ಮೇಲೆ ಹೋಗಬೇಕು. ಮೂಡಿಗೆರೆ ಕಡೆ ಅಷ್ಟು ಜನ ಇರಲ್ಲ. ಆದ್ರೆ ಎತ್ತಿನಭುಜಕ್ಕೆ ಅರಣ್ಯ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಮೊದಲೇ ಟಿಕೆಟ್ ಮಾಡಬೇಕು, ಹಾಗೇ ಹೋದ್ರೆ ಬುಡದಿಂದ ವಾಪಸ್ ಕಳಿಸ್ತಾರೆ. ಮಿಕ್ಕಿದ್ದು ಆ ಊರಿನವರೇ ಹೇಳಲಿ.

ಹೇಮಾವತಿ ದಡ:

ಅಕ್ಕ, ನಾನು ಹುಟ್ಟಿ ಬೆಳೆದದ್ದು ಜಾವಳಿ ಕಡೆ, ಈಗ ಕೆಲಸ ಚಿಕ್ಕಮಗಳೂರಲ್ಲಿ. ದೀಪಾವಳಿ ಕಳೆದ ಮೇಲೆ ಬೆಂಗಳೂರು, ಹಾಸನ, ಶಿವಮೊಗ್ಗದಲ್ಲಿರೋ ನಮ್ಮ ಕಡೆಯವರೆಲ್ಲ ಸೇರಿ ಪ್ರತಿ ವರ್ಷ ಒಂದು ಟಿಟಿ ಮಾಡ್ತೀವಿ. ಡ್ರೈವರ್ ಪಕ್ಕ ಕೂತು ದಾರಿ ಹೇಳೋದು ನನ್ನ ಕೆಲಸ. ಅದಕ್ಕೇ ಸ್ವಲ್ಪ ಉದ್ದ ಬರೀತೀನಿ, ಪೂರ್ತಿ ಓದಿ.

ನಿಮ್ಮ ಯಜಮಾನರು ಹಾಕಿರೋ ಜಾಗ ಒಂದೊಂದೂ ಚೆನ್ನಾಗಿವೆ. ಆದ್ರೆ ಒಂದು ದಿನಕ್ಕೆ ಒಂದೇ ಜಾಗ ಗಟ್ಟಿ ಮಾಡ್ಕೊಳ್ಳಿ. ಇನ್ನೊಂದು, ಹೊತ್ತು ಮಿಕ್ಕಿದ್ರೆ ಮಾತ್ರ. ಉಳಿದಿದ್ದೆಲ್ಲ ಇನ್ನೊಂದು ವರ್ಷಕ್ಕಿರಲಿ. ನಮ್ಮ ಕಡೆ ದಾರೀನ ಕಿಲೋಮೀಟರ್ ಲೆಕ್ಕದಲ್ಲಿ ಅಳೆಯೋ ಹಾಗಿಲ್ಲ. ಹದಿನೈದು ಕಿಲೋಮೀಟರ್ ಅಂತ ಮ್ಯಾಪ್ ತೋರಿಸುತ್ತೆ, ಅಷ್ಟಕ್ಕೇ ಒಂದು ಗಂಟೆ ಹಿಡಿಯುತ್ತೆ. ಎದುರಿಂದ ಒಂದು ಪಿಕಪ್ ಬಂದ್ರೆ ಯಾರಾದ್ರೂ ಒಬ್ಬರು ಹಿಂದಕ್ಕೆ ಹೋಗಲೇಬೇಕು. ಅದರಲ್ಲೂ ನೀವು ಬರೋದು ನವೆಂಬರ್ ಕೊನೆಗೆ. ಅರೇಬಿಕಾ ಕಾಫಿ ಹಣ್ಣಾಗಿ ಕುಯ್ಲು ಶುರುವಾಗಿರುತ್ತೆ. ಬೆಳಗ್ಗೆ ಆಳು ಕರ್ಕೊಂಡು ಹೋಗೋ ಜೀಪುಗಳು, ಸಂಜೆ ಹಣ್ಣು ತುಂಬಿದ ಟ್ರಾಕ್ಟರ್‌ಗಳು. ವರ್ಷಪೂರ್ತಿ ಮಾಡಿದ ಬೆಳೆ ಮನೆ ಸೇರೋ ಕಾಲ ಅದು. ಆ ಗಾಡಿಗಳಿಗೆ ದಾರಿ ಬಿಟ್ಟುಕೊಟ್ಟೇ ನಾವು ಮುಂದೆ ಹೋಗೋದು. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂತ ಆದ್ರೆ ಮಳೆನೂ ಬರುತ್ತೆ, ಕಣದಲ್ಲಿ ಕಾಫಿ ಹರಡಿದವರ ಪಾಡು ಆಗ ಕೇಳಬಾರದು.

ಒಂದು ವರ್ಷದ್ದು ಹೇಳ್ತೀನಿ. ಬಲ್ಲಾಳರಾಯನದುರ್ಗ ನೋಡಿ ವಾಪಸ್ ಸುಂಕಸಾಲೆ ಕಡೆ ಬರ್ತಿದ್ವಿ. ಆಮೇಲೆ ದೇವರಮನೆಗೆ ಹೋಗೋ ಮನಸ್ಸಿತ್ತು. ಹಿಂದಿನ ರಾತ್ರಿ ಮಳೆ ಬಂದು ರಸ್ತೆ ಅಂಚು ಮೆತ್ತಗಾಗಿತ್ತು. ಒಂದು ತಿರುವಲ್ಲಿ ಸಿಲ್ವರ್ ಓಕ್ ದಿಮ್ಮಿ ತುಂಬಿದ ಲಾರಿ, ಹಿಂದಿನ ಚಕ್ರ ಚರಂಡಿಗೆ ಇಳಿದು ರಸ್ತೆಗೆ ಪೂರ್ತಿ ಅಡ್ಡ ನಿಂತುಬಿಟ್ಟಿದೆ. ಜೇಸಿಬಿ ಬರಬೇಕು, ಎರಡು ಗಂಟೆ ಆಗುತ್ತೆ ಅಂದ್ರು. ನಮ್ಮ ಹಿಂದೆ ಎರಡು ಜೀಪು, ಒಂದು ಹಾಲಿನ ಗಾಡಿ. ಟಿಟಿ ತಿರುಗಿಸೋಕೂ ಜಾಗ ಇಲ್ಲ. ನನ್ನ ಚಿಕ್ಕಪ್ಪನ ಮಗ ಇಳಿದು ಹಿಂದೆ ನಿಂತು, ಒಂದು ಕೈ ಗಾಡಿ ಮೈ ಮೇಲೆ ಇಟ್ಕೊಂಡೇ "ಬರಲಿ, ಬರಲಿ, ಇನ್ನೂ ಬರಲಿ, ಹೋಲ್ಡಾನ್!" ಅಂತ ಕೂಗ್ತಾ, ಅರ್ಧ ಫರ್ಲಾಂಗು ರಿವರ್ಸ್‌ನಲ್ಲೇ ಬಂದ್ವಿ. ಅಲ್ಲೊಂದು ತೋಟದ ಗೇಟು. ತೋಟದ ಲೆಕ್ಕ ಬರೆಯೋ ರೈಟರ್ ಹೊರಗೆ ಬಂದ್ರು. ನಾನು ಇಳಿದು ಯಾವ ಊರು, ಯಾರ ಕಡೆ ಅಂತ ಹೇಳಿಕೊಂಡೆ. ಅವರು ಗಾಡೀಲಿ ವಯಸ್ಸಾದವರು ಇರೋದು ನೋಡಿ, "ಒಳಗೆ ಬನ್ನಿ, ಇಲ್ಲಿ ಬಿಸಿಲಲ್ಲಿ ಯಾಕೆ ಕೂರ್ತೀರಿ" ಅಂದ್ರು.

ಕಣದಲ್ಲಿ ಹಣ್ಣು ಅಳೆಯೋ ಹೊತ್ತು ಅದು. ಕುಯ್ದವರೆಲ್ಲ ಚೀಲ ಇಳಿಸಿ ಟಾರ್ಪಾಲ್ ಮೇಲೆ ಸುರ್ಕೊಂಡು ಕೂತಿದ್ರು. ಕೈ ಎಷ್ಟು ಚುರುಕು ಅಂದ್ರೆ, ಕೆಂಪು ಹಣ್ಣು ಒಂದು ಕಡೆ, ಜೊತೆಗೆ ಬಂದ ಹಸಿರು ಕಾಯಿ ಇನ್ನೊಂದು ಕಡೆ, ಎಲೆ ಕಡ್ಡಿ ಆಚೆಗೆ, ಮಾತಾಡ್ತಾನೇ ಆರಿಸ್ತಾರೆ. ಆರಿಸಿದ್ದನ್ನ ಮತ್ತೆ ಚೀಲಕ್ಕೆ ತುಂಬಿ ತೂಗುತಕ್ಕಡಿಗೆ ಹಾಕೋದು, ಮೇಸ್ತ್ರಿ ತೂಕ ಕೂಗಿ ಹೇಳೋದು, ರೈಟರ್ ಹೆಸರಿನ ಮುಂದೆ ಬರ್ಕೊಳ್ಳೋದು. ಕುಯ್ದವರೂ ಬಗ್ಗಿ ಪುಸ್ತಕ ನೋಡಿ, ಸರಿ ಇದೆ ಅಂದ ಮೇಲೇ ಚೀಲ ಎತ್ತೋದು. ಬೆಂಗಳೂರಿಂದ ಬಂದಿದ್ದ ನಮ್ಮ ಚಿಕ್ಕಮ್ಮನ ಮೊಮ್ಮಗಳು ಒಂದು ಹಣ್ಣು ಬಾಯಿಗೆ ಹಾಕ್ಕೊಂಡು, "ಕಾಫಿ ಸಿಹಿ ಇದೆ!" ಅಂತ ಓಡಿ ಬಂದ್ಲು. ಸಿಪ್ಪೆ ಒಳಗಿನ ಲೋಳೆ ಸಿಹಿ ಇರುತ್ತೆ, ಬೀಜ ಎರಡು ಜೋಡಿಯಾಗಿ ಕೂತಿರುತ್ತೆ. ಬಿಡಿಸಿ ತೋರಿಸಿದೆ. ದಿನಾ ಬೆಳಗ್ಗೆ ಕಾಫಿ ಕುಡಿಯೋ ನಮ್ಮ ಎಷ್ಟೋ ಜನ ಅದನ್ನ ಆವತ್ತೇ ಮೊದಲು ನೋಡಿದ್ದು. ಕಪ್ಪು ಕಾಫಿಗೆ ಬೆಲ್ಲ ಹಾಕಿ ಎಲ್ಲರಿಗೂ ಕೊಟ್ರು, ದುಡ್ಡು ಮುಟ್ಟಲಿಲ್ಲ. ಲಾರಿ ಎತ್ತೋ ಹೊತ್ತಿಗೆ ಐದೂಕಾಲು. ದೇವರಮನೆಗೆ ಹೋಗಲಿಲ್ಲ, ನೇರ ಮೂಡಿಗೆರೆಗೆ ಬಂದ್ವಿ. ಆ ವರ್ಷದ ಮಾತು ಬಂದ್ರೆ ಈಗಲೂ ನಮ್ಮವರು ದುರ್ಗದ ಬಗ್ಗೆ ಹೇಳೋದಕ್ಕಿಂತ ಆ ಕಣದ ಬಗ್ಗೆ ಹೇಳೋದೇ ಹೆಚ್ಚು.

ಮೂರು ಜಾಗ ಬಾಕಿ ಇಟ್ಕೊಂಡು ಹೊರಟಿದ್ರೆ ಆ ಎರಡು ಗಂಟೆ ಎಲ್ಲರೂ ವಾಚ್ ನೋಡ್ತಾ ಡ್ರೈವರ್ ಮೇಲೆ ಸಿಡುಕ್ತಾ ಕಳೀತಿದ್ದೆವು. ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು.

ನನ್ನ ಕೇಳಿದ್ರೆ ನಿಮ್ಮ ಆ ಒಂದು ಜಾಗ ಜಾವಳಿ ಆಗಲಿ. ನಮ್ಮೂರು ಅಂತ ಹೇಳ್ತಿಲ್ಲ, ನೀವು ಹಾಸನದವರು ಅಂತ ಹೇಳ್ತಿದೀನಿ. ಹೇಮಾವತಿ ಹುಟ್ಟೋದು ಅಲ್ಲಿ. ಕೊಟ್ಟಿಗೆಹಾರದಿಂದ ಕಳಸದ ರಸ್ತೆ ಹಿಡಿದು ಬಾಳೂರು ಮೇಲೆ ಹೋಗಬೇಕು. ದೇವಸ್ಥಾನದ ಹತ್ತಿರ ಚಿಕ್ಕ ಕೊಳ, ಅಷ್ಟೇ. ಗೊರೂರಲ್ಲಿ ಅಣೆಕಟ್ಟಿನ ಹಿಂದೆ ಕಣ್ಣು ಹಾಯಿಸಿದಷ್ಟೂ ನೀರು ನೋಡಿರ್ತೀರಲ್ಲ, ಅದೇ ನದಿ ಇಲ್ಲಿ ಮಕ್ಕಳು ದಾಟೋ ಅಷ್ಟು ಸಣ್ಣ. ಇಲ್ಲಿಂದ ಸಕಲೇಶಪುರ ದಾಟಿ, ಗೊರೂರು ತುಂಬಿಸಿ, ಸುಮಾರು 245 ಕಿಲೋಮೀಟರ್ ಹರಿದು ಕೃಷ್ಣರಾಜಸಾಗರದ ಹತ್ತಿರ ಕಾವೇರಿ ಸೇರುತ್ತೆ. ಮೇಷ್ಟ್ರು ಜೊತೆಗಿದ್ದಾರೆ ಅಂದ್ರಲ್ಲ, ಮಕ್ಕಳಿಗೆ ಅವರೇ ಹೇಳಲಿ. ನಿಮ್ಮತ್ತೆಯವರಿಗೂ ಹತ್ತೋ ಕಷ್ಟ ಇಲ್ಲ.

ಬಲ್ಲಾಳರಾಯನದುರ್ಗ ಬೇರೆ ಥರ. ಕೋಟೆಗೆ ಏರು ನಡಿಗೆ, ಮಂಡಿನೋವಿನವರಿಗೆ ಬೇಡ, ಅದಕ್ಕೂ ಮೊದಲೇ ಬುಕ್ ಮಾಡಿರಬೇಕು. ದೇವರಮನೆ ವಯಸ್ಸಾದವರಿಗೂ ಆಗುತ್ತೆ. ಕಾಲಭೈರವೇಶ್ವರನ ಹಳೇ ದೇವಸ್ಥಾನ, ಮುಂದೆ ಕೊಳ, ಸುತ್ತ ಹುಲ್ಲುಗುಡ್ಡ. ಅಲ್ಲಿ ಬಾಟಲಿ ಒಡೆದು, ಡೆಕ್ ಹಾಕಿ ಕುಣಿಯೋರ ಕಾಟ ಹೆಚ್ಚಾಗಿದೆ, ಅದನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ. ನಿಮ್ಮ ಕಸ ನಿಮ್ಮ ಗಾಡೀಲೇ ವಾಪಸ್ ತನ್ನಿ, ಒಂದು ಚೀಲ ಅದಕ್ಕೇ ಇಟ್ಕೊಂಡಿರಿ.

ದೇವರಮನೆಯಿಂದ ಭೈರಾಪುರಕ್ಕೆ ಒಳದಾರಿ ಅಂತೀರಲ್ಲ, ಅದು ಬೇಡ. ಮ್ಯಾಪಿಗೆ ತೋಟದ ಖಾಸಗಿ ದಾರಿ, ಜೀಪಿನ ಜಾಡು, ಡಾಂಬರು ರಸ್ತೆ ಎಲ್ಲಾ ಒಂದೇ. ಗೆರೆ ಕಂಡಿತು ಅಂತ ಟಿಟಿ ನುಗ್ಗಿಸಿದ್ರೆ ಮುಂದೆ ಬೀಗ ಹಾಕಿದ ಗೇಟು, ಇಲ್ಲ ಹಳ್ಳ. ಫೋನ್ ಸಿಗ್ನಲ್ಲೂ ಎಷ್ಟೋ ಕಡೆ ಇರಲ್ಲ. ತಿರುವು ಬಂದಾಗೆಲ್ಲ ಗಾಡಿ ನಿಲ್ಲಿಸಿ ಅಲ್ಲಿರೋರನ್ನ ಕೇಳಿ. ಕೇಳೋವಾಗ "ಈ ದಾರೀಲಿ ಹೋಗಬಹುದಾ" ಅಂದ್ರೆ ನಮ್ಮ ಕಡೆ ಜನ "ಹೋಗಬಹುದು" ಅಂತಾರೆ, ಅವರು ದಿನಾ ಜೀಪಲ್ಲಿ ಹೋಗೋರು. "ಇಷ್ಟು ಉದ್ದದ ಟಿಟಿ ಹೋಗುತ್ತಾ, ತಿರುಗಿಸೋಕೆ ಜಾಗ ಇದೆಯಾ" ಅಂತ ಗಾಡಿ ತೋರಿಸಿ ಕೇಳಿ. ಆಗ ಸರಿಯಾದ ಉತ್ತರ ಸಿಗುತ್ತೆ.

ಕೊನೇದು, ಹೊತ್ತು. ಎಲ್ಲೇ ಇರಿ, ಮೂರೂವರೆಗೆ ಗಾಡಿ ವಾಪಸ್ ತಿರುಗಲಿ. ಊರುಬಗೆ, ಭೈರಾಪುರ, ಹಾನುಬಾಳು ಆ ಭಾಗದಲ್ಲೆಲ್ಲ ಆನೆ ಓಡಾಟ ಇದೆ. ಕತ್ತಲಾದ ಮೇಲೆ ಅವು ತೋಟದಿಂದ ತೋಟಕ್ಕೆ ರಸ್ತೆ ದಾಟ್ತವೆ. ಅಲ್ಲಿಯ ಜನ ಭಯದಲ್ಲೇ ಬದುಕ್ತಿದ್ದಾರೆ, ಕೆಲಸಕ್ಕೆ ಹೋದವರು ಮನೆಗೆ ಬರೋ ತನಕ ಜೀವ ಕೈಯಲ್ಲಿ ಹಿಡ್ಕೊಂಡಿರ್ತಾರೆ. ನೋಡೋ ಆಸೆಗೆ ಆ ಹೊತ್ತಲ್ಲಿ ಅಲ್ಲಿ ಇರಬೇಡಿ.

ಹಳದಿ ಬೋರ್ಡ್:

ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಟಿಟಿ ಓಡಿಸೋನು, ಚಿಕ್ಕಮಗಳೂರು ಸ್ಟ್ಯಾಂಡ್. ಡ್ರೈವರ್ ಕಡೆಯಿಂದ ನಾಲ್ಕು ಮಾತು ಹೇಳ್ತೀನಿ ಮೇಡಂ.

ಗಾಡಿ ಬುಕ್ ಮಾಡುವಾಗ ಎಸಿ ಇದೆಯಾ, ಸೀಟು ಹಿಂದಕ್ಕೆ ಬಾಗುತ್ತಾ ಅಂತ ಎಲ್ಲರೂ ಕೇಳ್ತಾರೆ. ಡ್ರೈವರ್ ರಾತ್ರಿ ಮಲಗಿದ್ದಾನಾ ಅಂತ ಯಾರೂ ಕೇಳಲ್ಲ. ನವೆಂಬರ್ ಮದುವೆ ಸೀಸನ್. ಶನಿವಾರ ರಾತ್ರಿ ರಿಸೆಪ್ಶನ್ ಬಾಡಿಗೆ ಮುಗಿಸಿ ಎರಡು ಗಂಟೆಗೆ ಗಾಡಿ ನಿಲ್ಲಿಸಿದವನನ್ನೇ ಬೆಳಗ್ಗೆ ಐದಕ್ಕೆ ನಿಮ್ಮ ಮನೆ ಮುಂದೆ ಕಳಿಸೋ ಮಾಲೀಕರಿದ್ದಾರೆ. ಅವನು ಬರಲ್ಲ ಅಂದ್ರೆ ಮುಂದಿನ ಬಾಡಿಗೆ ಕೊಡಲ್ಲ. ಹಾಗಾಗಿ ನೀವೇ ಕೇಳಿ, ಹಿಂದಿನ ರಾತ್ರಿ ಬಾಡಿಗೆ ಇಲ್ಲದ ಡ್ರೈವರ್ ಬೇಕು ಅಂತ ಖಡಾಖಂಡಿತವಾಗಿ ಹೇಳಿ. ನಿಮ್ಮ ಮಕ್ಕಳ ಜೀವ ಅವನ ಕಣ್ಣಲ್ಲಿರುತ್ತೆ. ಘಾಟಿ ಓಡಿಸಿ ಗೊತ್ತಿರೋನು ಬೇಕು ಅಂತಲೂ ಹೇಳಿ. ಬಯಲುಸೀಮೆಯಲ್ಲಿ ಎಷ್ಟೇ ವರ್ಷ ಓಡಿಸಿದ್ರೂ ಇಲ್ಲಿ ಬೇರೆ.

ಹಳದಿ ಬೋರ್ಡ್ ಗಾಡೀನೇ ಮಾಡಿ. ಬಿಳಿ ಬೋರ್ಡ್ ಗಾಡಿ ಸಾವಿರ ರೂಪಾಯಿ ಕಡಿಮೆಗೆ ಸಿಗಬಹುದು, ಬಾಡಿಗೆಗೆ ಓಡುವಾಗ ಏನಾದ್ರೂ ಆದ್ರೆ ಇನ್ಶೂರೆನ್ಸ್‌ನವರು ಕೈ ಎತ್ತುತ್ತಾರೆ. 13 ಜನಕ್ಕೆ ಉದ್ದದ 17 ಸೀಟಿನದು ಬೇಡ, ಆ ತಿರುವುಗಳಲ್ಲಿ ಹಿಂಭಾಗ ಉಜ್ಜುತ್ತೆ. ಡ್ರೈವರ್ ಬಿಟ್ಟು 13 ಸೀಟು ಆರ್‌ಸಿಯಲ್ಲೇ ಇರೋ ಗಾಡಿ ನೋಡಿ, ಮಕ್ಕಳನ್ನ ತೊಡೆ ಮೇಲೆ ಕೂರಿಸ್ಕೊಂಡು ಸರಿ ಮಾಡೋದು ಬೇಡ. ಡೀಸೆಲ್ ಮೂಡಿಗೆರೆಯಲ್ಲೇ ತುಂಬಿಸಿ.

ಇಳಿಜಾರಲ್ಲಿ ಅವನು ಎರಡನೇ ಗೇರಲ್ಲಿ ನಿಧಾನಕ್ಕೆ ಇಳಿಸ್ತಿದ್ರೆ "ಏನಣ್ಣ ಹೊಡಿ" ಅಂತ ಯಾರೂ ಅನ್ನಬೇಡಿ. ಯಾವ ಗೇರಲ್ಲಿ ಹತ್ತಬೇಕೋ ಅದೇ ಗೇರಲ್ಲಿ ಇಳಿಸಬೇಕು, ಇಂಜಿನ್ನೇ ಗಾಡೀನ ಹಿಡಿಯುತ್ತೆ. ಬರೀ ಬ್ರೇಕ್ ತುಳ್ಕೊಂಡು ಇಳಿದ್ರೆ ಲೈನರ್ ಕಾದು ಪೆಡಲ್ ಮೆತ್ತಗಾಗುತ್ತೆ, ಆಮೇಲೆ ತುಳಿದ್ರೂ ನಿಲ್ಲಲ್ಲ. ಸುಟ್ಟ ವಾಸನೆ ಬಂದ್ರೆ ಒಂದು ಅಗಲವಾದ ಜಾಗ ನೋಡಿ ನಿಲ್ಲಿಸಿ, ತಣ್ಣಗಾಗೋಕೆ ಬಿಡಿ. ಬಿಸಿ ಡ್ರಮ್ಮಿಗೆ ನೀರು ಹಾಕಬಾರದು. ಎದುರು ಏರಿ ಬರೋ ಗಾಡಿಗೆ ಇಳಿಯೋರು ದಾರಿ ಬಿಡಬೇಕು, ಅದು ಕಾನೂನೂ ಹೌದು. ಮಂಜು ಬಿದ್ರೆ ಲೈಟ್ ಡಿಮ್ಮಲ್ಲೇ ಇರಲಿ.

ಚಾರ್ಮಾಡಿ ನೋಡೋಣ ಅಂತ ಯಾರಾದ್ರೂ ಕೊಟ್ಟಿಗೆಹಾರದಲ್ಲಿ ಎಬ್ಬಿಸ್ತಾರೆ, ಹತ್ತಿರ ಅಲ್ವಾ ಅಂತ. 2019ರ ಆಗಸ್ಟ್ ಮಳೆಗೆ ಆ ಘಾಟಿ ಎಷ್ಟೋ ಕಡೆ ಕುಸಿದಿತ್ತು, ಆಮೇಲೆ ದೊಡ್ಡ ಗಾಡಿಗಳನ್ನ ಬಿಡೋದು ನಿಲ್ಲಿಸಿದ್ರು. ಟಿಟಿ ಹೋಗುತ್ತೆ, ಆದ್ರೆ ಮಂಗಳೂರು ಕಡೆ ಹೋಗೋ ಅಷ್ಟೂ ಬಸ್ಸು ಕಾರುಗಳ ನಡುವೆ ತಿರುವಲ್ಲಿ ನಿಲ್ಲಿಸಿ ಫೋಟೋ ತೆಗೆಯೋದು ಬೇಡವೇ ಬೇಡ.

ವಾಂತಿ ಆಗೋ ಹುಡುಗೀನ ಮುಂದಿನ ಸಾಲಲ್ಲಿ ಕೂರಿಸಿ. ಮೊಬೈಲ್ ಕೈಗೆ ಕೊಡಬೇಡಿ, ದೂರದ ರಸ್ತೆ ನೋಡ್ತಾ ಇರಲಿ, ಕಿಟಕಿ ಗಾಳಿ ಬರಲಿ. ಬೆಳಗ್ಗೆ ಖಾಲಿ ಹೊಟ್ಟೆನೂ ಬೇಡ, ಎಣ್ಣೆ ತಿಂಡಿನೂ ಬೇಡ. ಮಾತ್ರೆ ಕೊಡೋದಿದ್ರೆ ಡಾಕ್ಟರನ್ನ ಕೇಳಿ ಹೊರಡೋ ಮುಂಚೆನೇ ಕೊಡಿ, ತಿರುವು ಶುರುವಾದ ಮೇಲೆ ಕೊಟ್ರೆ ಕೆಲಸ ಮಾಡಲ್ಲ. ಡ್ರೈವರ್‌ಗೆ ನಿಮ್ಮ ಜೊತೆನೇ ಊಟ ಹಾಕಿ, ಊಟ ಆದ ಮೇಲೆ ಅರ್ಧ ಗಂಟೆ ಬಿಡಿ.

ಸಾಲಗಾಮೆ ರಸ್ತೆ:

ಇಷ್ಟು ಸಮಾಧಾನವಾಗಿ ಬರೆದಿದ್ದಕ್ಕೆ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಯಜಮಾನರಿಗೆ, ಮೇಷ್ಟ್ರಿಗೆ ಓದಿ ಹೇಳಿದೆ. ಜಾವಳಿ ಅಂತ ಕೇಳಿದ್ದೇ ನಮ್ಮತ್ತೆ, "ಗೊರೂರಲ್ಲಿ ಡ್ಯಾಮ್ ಕಟ್ಟೋಕೆ ಮುಂಚೆ ಹೊಳೆ ನೋಡಿದ್ದೆ, ಹುಟ್ಟೋ ಜಾಗ ನೋಡಿಲ್ಲ, ಅಲ್ಲಿಗೇ ಹೋಗೋಣ" ಅಂದ್ರು. ಅವರ ತವರು ಗೊರೂರು ಕಡೆ. ಹಾಗಾಗಿ ಜಾವಳಿ ಗಟ್ಟಿ. ಮಾಲೀಕರಿಗೆ ಫೋನ್ ಮಾಡಿ ಡ್ರೈವರ್ ನಿದ್ದೆ ವಿಷಯನೂ ಹೇಳಿದ್ದೀವಿ.

ಇನ್ನೆರಡು ಪ್ರಶ್ನೆ. ಹೆಂಗಸರಿಗೆ, ವಯಸ್ಸಾದವರಿಗೆ ಶೌಚಾಲಯ ಎಲ್ಲಿ ಸಿಗುತ್ತೆ? ಇದು ಕೇಳೋಕೆ ಸಂಕೋಚ, ಆದ್ರೆ ಪ್ರವಾಸಕ್ಕೆ ಹೋದಾಗ ನಮ್ಮತ್ತೆ ಇದೇ ಕಾರಣಕ್ಕೆ ನೀರೇ ಕುಡಿಯಲ್ಲ. ಇನ್ನೊಂದು, ವಾಪಸ್ ಬರುವಾಗ ಹೊತ್ತು ಮಿಕ್ಕಿದ್ರೆ ದೇವರಮನೆನೋ, ಸಕಲೇಶಪುರ ಕಡೆಯಿಂದ ಬರೋದೋ?

ಹೇಮಾವತಿ ದಡ:

ಸಂಕೋಚ ಯಾಕಕ್ಕ, ಕೇಳಲೇಬೇಕಾದ ಪ್ರಶ್ನೆ ಅದು. ಮೂಡಿಗೆರೆ ಬಿಟ್ಟರೆ ಕೊಟ್ಟಿಗೆಹಾರ. ಅಲ್ಲಿ ನೀರುದೋಸೆಗೆ ಹೆಸರಾದ ಹೋಟೆಲ್‌ಗಳಿವೆ, ತಿಂಡಿಗೆ ಕೂತಾಗಲೇ ಎಲ್ಲರೂ ಹೋಗಿ ಬರಲಿ. ಅಲ್ಲಿಂದ ಮುಂದೆ ದಾರೀಲಿ ನಂಬಿಕೊಳ್ಳೋ ಅಂಥದ್ದು ಏನೂ ಇಲ್ಲ. ಆದ್ರೆ ಮನೆಗಳಿವೆ. ರಸ್ತೆ ಪಕ್ಕದ ಮನೆ ಮುಂದೆ ಗಾಡಿ ನಿಲ್ಲಿಸಿ, ಗಂಡಸರು ಇಳಿಯದೆ ಹೆಂಗಸರು ಇಬ್ಬರು ಹೋಗಿ ಮನೆಯಾಕೆಯನ್ನ ಕೇಳಿದ್ರೆ ನಮ್ಮ ಕಡೆ ಇಲ್ಲ ಅನ್ನೋರು ಕಡಿಮೆ. ಅತ್ತೆಯವರಿಗೆ ಹೇಳಿ, ನೀರು ಕುಡೀಲಿ. ಆ ವಯಸ್ಸಲ್ಲಿ ಇಡೀ ದಿನ ನೀರು ಬಿಟ್ಟರೆ ತಲೆಸುತ್ತು ಬರುತ್ತೆ.

ಮಧ್ಯಾಹ್ನದ ಊಟ ಕಟ್ಟಿಕೊಂಡೇ ಬನ್ನಿ. ಪುಳಿಯೋಗರೆ, ಮೊಸರನ್ನ ಸಾಕು, ಒಂದು ಡಬ್ಬಿ ಹೆಚ್ಚಿಗೇ ಇರಲಿ. ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರೆ ನಿಮಗೂ ಆಗುತ್ತೆ, ಪಕ್ಕದ ಗಾಡಿಯವರಿಗೂ ಆಗುತ್ತೆ. ಹುಲ್ಲಲ್ಲಿ ಇಳಿದ್ರೆ ಇಂಬಳ (ಜಿಗಣೆ) ಹತ್ತಬಹುದು, ಎಳೆದು ಕೀಳಬೇಡಿ, ಉಪ್ಪು ಮುಟ್ಟಿಸಿದ್ರೆ ಬಿಡುತ್ತೆ. ಉಪ್ಪಿನ ಪೊಟ್ಟಣ ಒಂದು ಮೇಷ್ಟ್ರ ಜೇಬಲ್ಲಿರಲಿ.

ಜಾವಳಿಯಿಂದ ಮಧ್ಯಾಹ್ನ ಒಂದು ಗಂಟೆಯೊಳಗೆ ಹೊರಟ್ರೆ ಮಾತ್ರ ದೇವರಮನೆ. ತಡ ಆದ್ರೆ ಬಿಟ್ಟುಬಿಡಿ. ಸಕಲೇಶಪುರದ ದಾರಿ ಸಂಜೆಗೆ ಬೇಡ, ಆನೆ ವಿಷಯ ಹೇಳಿದ್ದೀನಿ. ಬಂದ ದಾರೀಲೇ ಮೂಡಿಗೆರೆ, ಬೇಲೂರು ಮೇಲೆ ಹಾಸನಕ್ಕೆ ಹೋಗಿ. ಮಂಜರಾಬಾದ್ ಕೋಟೆ 1792ರಿಂದ ಅಲ್ಲೇ ಇದೆ, ಹಾಸನದಿಂದ ಬೆಳಗ್ಗೆ ಹೊರಟು ಮಧ್ಯಾಹ್ನಕ್ಕೆ ಮನೆಗೆ ಬರಬಹುದಾದ ಜಾಗ, ಅದಕ್ಕೊಂದು ಬೇರೆ ಭಾನುವಾರ ಇಟ್ಕೊಳ್ಳಿ. ಮೇಷ್ಟ್ರಿಗೆ ಹೊಯ್ಸಳರ ಮೇಲೆ ಆಸಕ್ತಿ ಇದ್ರೆ ಇನ್ನೊಂದು ಸಲ ಮೂಡಿಗೆರೆ ತಾಲ್ಲೂಕಿನ ಅಂಗಡಿಗೆ ಬನ್ನಿ. ಹೊಯ್ಸಳರ ಮೂಲ ಊರು ಸೊಸೆವೂರು ಅಂತಾರಲ್ಲ, ಅದೇ ಊರು. ವಸಂತ ಪರಮೇಶ್ವರಿ ದೇವಸ್ಥಾನ, ಹಳೇ ಬಸದಿಗಳು ಇವೆ. ಬೇಲೂರು ಅಷ್ಟು ಸಲ ನೋಡಿದ ನಿಮಗೆ ಅದು ಎಲ್ಲಿಂದ ಶುರುವಾಯ್ತು ಅಂತ ನೋಡಿದ ಹಾಗಾಗುತ್ತೆ.

ಶನಿವಾರ ಸಂಜೆ ಇಲ್ಲೇ ಒಂದು ಮೆಸೇಜ್ ಹಾಕಿ. ನಮ್ಮಣ್ಣ ಊರಲ್ಲೇ ಇದ್ದಾನೆ, ಮಳೆ ಏನಾದ್ರೂ ಬಂದಿದೆಯಾ, ಬಾಳೂರು ಕಡೆ ರಸ್ತೆ ಹೇಗಿದೆ ಅಂತ ಕೇಳಿ ರಾತ್ರಿಯೊಳಗೆ ಹೇಳ್ತೀನಿ.